ಕಾರ್ಟೆಕ್ಸ್ ಎಂದರೆ ತೊಗಟೆ, ಸಿಪ್ಪೆಯಲ್ಲ

ಕೆಳಗಿನ ಮನೆಯ ಅಕ್ಕ ಒಂದು ಸಂಜೆ ಫೈಲು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದ ಸ್ಕ್ಯಾನಿಂಗ್ ರಿಪೋರ್ಟು. ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ ಹಳೆಯದು. ಈಗ ಕಾಲು ಬಾತುಕೊಳ್ಳುತ್ತದೆ ಎಂದು ಡಾಕ್ಟರು ಮೂತ್ರಪಿಂಡ ನೋಡಿಸಲು ಹೇಳಿದ್ದರು.

"ಮಾಷ್ಟ್ರೇ, ಇದು ಬೇರೆ ಯಾರದ್ದೋ ರಿಪೋರ್ಟಾ ಅಂತ ನನಗೆ ಡೌಟು. ನಾವು ಮಾಡಿಸಿದ್ದು ಕಿಡ್ನಿಯದ್ದು. ಇದರಲ್ಲಿ ಮಿದುಳಿನದ್ದು ಬರೆದಿದೆ ಅಂತ ಮಗಳು ಹೇಳ್ತಾಳೆ."

ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ರಿಪೋರ್ಟಿನಲ್ಲಿ 'ಕಾರ್ಟೆಕ್ಸ್' ಎಂಬ ಪದ ಅವಳ ಕಣ್ಣಿಗೆ ಬಿದ್ದಿದೆ. ಕಾರ್ಟೆಕ್ಸ್ ಎಂದರೆ ಮಿದುಳಿನ ಒಂದು ಭಾಗ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಾಳೆ. ಅವಳಿಗೆ ಜೀವಶಾಸ್ತ್ರ ಕಲಿಸಿದವನು ನಾನೇ ಆದ್ದರಿಂದ ತಪ್ಪು ಯಾರದೆಂದು ಹುಡುಕುವ ಕಷ್ಟ ಇರಲಿಲ್ಲ.

ನಮ್ಮ ಕಡೆ ಇಂಥ ಗೊಂದಲ ಹೊಸದಲ್ಲ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಮಗಳ ಪುಸ್ತಕ ಕನ್ನಡದಲ್ಲಿ, ಮನೆಯ ಮಾತು ತುಳುವಿನಲ್ಲಿ. ಆದರೆ ಕಾರ್ಟೆಕ್ಸ್ ಇಂಗ್ಲಿಷ್ ಪದವೇ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಮರದ ತೊಗಟೆ. ಅದರ ಜೋಡಿ ಪದ 'ಮೆಡುಲ್ಲಾ', ಅಂದರೆ ತಿರುಳು, ಮಜ್ಜೆ. ಒಂದು ಅಂಗವನ್ನು ಕೊಯ್ದಾಗ ಹೊರಗಿನ ಪಟ್ಟಿ ಒಂದು ಬಗೆ, ಒಳಗಿನದು ಇನ್ನೊಂದು ಬಗೆ ಕಂಡರೆ ಹಳೆಯ ಅಂಗರಚನಾ ಪಂಡಿತರು ಹೊರಗಿನದನ್ನು ತೊಗಟೆ ಎಂದರು, ಒಳಗಿನದನ್ನು ತಿರುಳು ಎಂದರು. ಮಿದುಳಿಗೂ ಹಾಗೆಯೇ, ಮೂತ್ರಪಿಂಡಕ್ಕೂ ಹಾಗೆಯೇ. ಮೂಡು, ಪಡು ಎಂಬಂತೆ ಅದು ಜಾಗ ಹೇಳುವ ಪದ. ಮೂಡುಮನೆ ಎಲ್ಲ ಊರಿನಲ್ಲೂ ಇರುತ್ತದೆ, ಅಲ್ಲಿರುವವರು ಮಾತ್ರ ಬೇರೆ ಬೇರೆ.

ಅಕ್ಕನಿಗೆ ಇಷ್ಟು ಹೇಳಿದಾಗ ರಿಪೋರ್ಟು ಬದಲಾಗಿಲ್ಲ ಎಂಬ ಸಮಾಧಾನ ಆಯಿತು. ಆದರೆ ಮುಂದಿನ ಪ್ರಶ್ನೆ ಬಂತು: "ಹಾಗಾದ್ರೆ ಕಿಡ್ನಿಯ ಸಿಪ್ಪೆ ಹಾಳಾದದ್ದಾ? ಸಿಪ್ಪೆ ತಾನೇ, ಒಳಗೆ ಸರಿ ಉಂಟಲ್ಲ?"

ಹೆಚ್ಚಿನವರು ತಪ್ಪುವುದು ಇಲ್ಲೇ. ನಮ್ಮ ವಿಜ್ಞಾನ ಬರಹಗಳಲ್ಲಿ ಕಾರ್ಟೆಕ್ಸ್‌ಗೆ 'ಹೊರಕವಚ' ಎಂದು ಬರೆಯುವ ರೂಢಿ ಇದೆ. ಕವಚ ಎಂದ ಕೂಡಲೇ ಏಟು ತಡೆಯುವ ವಸ್ತು ನೆನಪಾಗುತ್ತದೆ: ತೆಂಗಿನಕಾಯಿಯ ಸಿಪ್ಪೆ, ಆಮೆಯ ಚಿಪ್ಪು. ಕಾರ್ಟೆಕ್ಸ್ ಅಂಥದ್ದಲ್ಲ. ನನ್ನನ್ನು ಕೇಳಿದರೆ 'ತೊಗಟೆ' ಎಂಬ ಹಳೆಯ ಪದವೇ ವಾಸಿ. ಯಾಕೆಂದರೆ ತೊಗಟೆ ಜೀವಂತ, ಕೆಲಸ ಮಾಡುವಂಥದ್ದು. ಮತ್ತು ಇದನ್ನು ಅಕ್ಕನಿಗೆ ನಾನು ವಿವರಿಸಿ ಹೇಳುವ ಅಗತ್ಯವೇ ಇರಲಿಲ್ಲ. ಅವರು ಹದಿನೈದು ವರ್ಷದಿಂದ ರಬ್ಬರ್ ಟ್ಯಾಪಿಂಗ್ ಮಾಡುವವರು.

"ಅಕ್ಕ, ರಬ್ಬರಿನ ಹಾಲು ಇರುವುದು ಎಲ್ಲಿ? ಮರದಲ್ಲಾ, ಪಟ್ಟೆಯಲ್ಲಾ?"

"ಪಟ್ಟೆಯಲ್ಲಿ. ಮರಕ್ಕೆ ಕತ್ತಿ ತಾಗಿದರೆ ಕೆಲಸ ಕೆಟ್ಟಿತು ಅಂತ ಲೆಕ್ಕ."

ಅಷ್ಟೇ. ಟ್ಯಾಪಿಂಗ್ ಕತ್ತಿ ಒಂದು ತೆಳು ಸಿಬಿರು ತೆಗೆಯುತ್ತ ಓರೆಯಾಗಿ ಇಳಿಯುತ್ತದೆ. ಒಳಗಿನ ಕ್ಯಾಂಬಿಯಂ ಎಂಬ ಬೆಳವಣಿಗೆಯ ಪದರ ತಾಗಲು ಇನ್ನು ಒಂದು ಮಿಲಿಮೀಟರಿನಷ್ಟು ಉಳಿದಿರುವಾಗ ಕೈ ನಿಲ್ಲಬೇಕು. ಹೊರಗಿನ ಒಣ ಹೊಪ್ಪಳೆಯಲ್ಲಿ ಹಾಲಿಲ್ಲ, ಒಳಗಿನ ಮರದಲ್ಲೂ ಹಾಲಿಲ್ಲ. ಮಧ್ಯದ ಹಸಿ ಪಟ್ಟೆಯಲ್ಲಿದೆ. ಬೇಡವಾದ ಮರದ ಸುತ್ತ ಒಂದು ಗೇಣು ಅಗಲಕ್ಕೆ ಪಟ್ಟೆ ತೆಗೆದುಬಿಟ್ಟರೆ ಮರ ನಿಂತಲ್ಲೇ ಒಣಗುವುದನ್ನೂ ನಾವೆಲ್ಲ ನೋಡಿದ್ದೇವೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಅಲ್ಲಿದೆ.

ಆಟಿ ಅಮಾವಾಸ್ಯೆಯ ದಿನ ನಾವು ಕುಡಿಯುವ ಕಷಾಯವೂ ತೊಗಟೆಯದೇ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ಪಾಲೆ ಮರದ ಕೆತ್ತೆ ತೆಗೆದು ತರುತ್ತೇವೆ. ಕರಿಮೆಣಸು, ಓಮ, ಬೆಳ್ಳುಳ್ಳಿ ಹಾಕಿ ಅರೆದು, ಕಾದ ಬೆಳ್ಳಗಿನ ಕಲ್ಲು ಅದ್ದಿ, ಮೂಗು ಹಿಡಿದು ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತೇವೆ. ಕಹಿಯೆಲ್ಲ ಕೆತ್ತೆಯಲ್ಲಿದೆ. ಯುರೋಪಿನ ಹಳೆಯ ಔಷಧ ಪಟ್ಟಿಗಳಲ್ಲೂ 'ಕಾರ್ಟೆಕ್ಸ್' ಎಂದರೆ ಮದ್ದಿನ ತೊಗಟೆ: ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾದ ತೊಗಟೆ, ದಾಲ್ಚಿನ್ನಿಯ ತೊಗಟೆ. ಆಯುರ್ವೇದದಲ್ಲಿ 'ತ್ವಕ್' ಎಂಬ ಒಂದೇ ಪದ ಮೈಯ ಚರ್ಮಕ್ಕೂ ಸಲ್ಲುತ್ತದೆ, ಮರದ ತೊಗಟೆಗೂ ಸಲ್ಲುತ್ತದೆ, ದಾಲ್ಚಿನ್ನಿಗೂ ಸಲ್ಲುತ್ತದೆ. ನಮ್ಮ ಕಡೆ ಮಾತ್ರ ಇದಕ್ಕೆ ಬೇಕಾದಷ್ಟು ಪದಗಳಿವೆ. ಹಣ್ಣಿನದು ತುಳುವಿನಲ್ಲಿ ಚೋಲಿ, ಮಲಯಾಳದಲ್ಲಿ ತೊಲಿ; ಮರದ್ದು ಕೆತ್ತೆ, ಪಟ್ಟೆ. ಈ ಭೇದ ಅಂಗರಚನೆಗೂ ಬಹಳ ಉಪಕಾರಿ. ಕಾರ್ಟೆಕ್ಸ್ ಕೆತ್ತೆಯ ಕಡೆಯದ್ದು, ಚೋಲಿಯ ಕಡೆಯದ್ದಲ್ಲ.

ಮೂತ್ರಪಿಂಡದಲ್ಲಿ ಚೋಲಿ ಬೇರೆಯೇ ಇದೆ. ಶಾಲೆಯಲ್ಲಿ ಪ್ರತಿ ವರ್ಷ ಮಾಂಸದಂಗಡಿಯಿಂದ ಆಡಿನ ಮೂತ್ರಪಿಂಡ ತಂದು ಮಕ್ಕಳಿಗೆ ತೋರಿಸುತ್ತೇನೆ. ಮೊದಲು ಕೊಬ್ಬು ಬಿಡಿಸಬೇಕು. ಆಮೇಲೆ ಉಗುರಿನಿಂದ ಒಂದು ಬದಿ ಗೀರಿದರೆ ಹಾಲಿನ ಕೆನೆಯ ಹಾಗೆ ತೆಳ್ಳಗಿನ ಪೊರೆ ಎದ್ದು ಬರುತ್ತದೆ. ಅದು ಕ್ಯಾಪ್ಸೂಲ್, ನಿಜವಾದ ಸಿಪ್ಪೆ. ಅದನ್ನು ಪೂರ್ತಿ ಸುಲಿದರೂ ಮೂತ್ರಪಿಂಡ ಇಡಿಯಾಗಿಯೇ ಉಳಿಯುತ್ತದೆ. ಈಗ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪುಸ್ತಕದಂತೆ ಬಿಡಿಸಿದರೆ ಹೊರ ಅಂಚಿನಲ್ಲಿ ಕೆಂಪು ಕಂದು ಬಣ್ಣದ, ತರಿತರಿಯಾಗಿ ಕಾಣುವ ಒಂದು ಪಟ್ಟಿ ಇರುತ್ತದೆ. ಒಳಕ್ಕೆ ಹೋದಂತೆ ತರಿ ಮುಗಿದು ಗೆರೆಗಳು ಶುರುವಾಗುತ್ತವೆ, ಬಾಚಣಿಗೆ ಎಳೆದ ಹಾಗೆ. ತರಿಯ ಪಟ್ಟಿ ಕಾರ್ಟೆಕ್ಸ್, ಗೆರೆಯ ಭಾಗ ಮೆಡುಲ್ಲಾ. ನಡುವೆ ಗೋಡೆ ಇಲ್ಲ, ಪೊರೆ ಇಲ್ಲ. ಒಂದೇ ಮಾಂಸ, ಆದರೆ ಜೋಡಣೆ ಬೇರೆ. ಆದ್ದರಿಂದ ಕ್ಯಾಪ್ಸೂಲನ್ನು ಸುಲಿದಂತೆ ಕಾರ್ಟೆಕ್ಸನ್ನು ಸುಲಿಯಲಾಗದು. ಪ್ರಯತ್ನಿಸಿದ ಹುಡುಗರಿದ್ದಾರೆ, ಕೈಯೆಲ್ಲ ರಾಡಿ ಮಾಡಿಕೊಂಡದ್ದಷ್ಟೇ ಬಂತು.

ಆ ತರಿ ಸುಮ್ಮನೆ ಬಂದದ್ದಲ್ಲ. ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿ ಮೂತ್ರ ತಯಾರಿಸುವ ನೆಫ್ರಾನು ಎಂಬ ಸಣ್ಣ ಘಟಕಗಳು ಸುಮಾರು 10 ಲಕ್ಷ ಇವೆ. ಪ್ರತಿಯೊಂದರ ತಲೆಯಲ್ಲಿ ಗ್ಲೊಮೆರುಲಸ್ ಎಂಬ ರಕ್ತನಾಳದ ಉಂಡೆ, ಅಂದರೆ ಸೋಸುವ ಜರಡಿ. ಈ ಉಂಡೆಗಳೆಲ್ಲ ಇರುವುದು ಕಾರ್ಟೆಕ್ಸಿನಲ್ಲಿ. ಹೃದಯ ಒತ್ತುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಈ ಎರಡು ಅಂಗಗಳಿಗೇ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಕಾರ್ಟೆಕ್ಸಿಗೆ. ಅಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ 12 ಕೊಡ! ಅದರಲ್ಲಿ ಬಹುಪಾಲು ವಾಪಸು ರಕ್ತಕ್ಕೆ ಹೋಗಿ, ಕೊನೆಗೆ ಹೊರಗೆ ಬರುವುದು ಒಂದೂವರೆ ಲೀಟರ್ ಆಸುಪಾಸು. ಮೆಡುಲ್ಲಾದ ಉದ್ದ ಗೆರೆಗಳು ಮೂತ್ರವನ್ನು ಗಟ್ಟಿಗೊಳಿಸುವ ನಳಿಗೆಗಳು. 'ಸಿಪ್ಪೆ ತಾನೇ' ಎಂದು ಅಕ್ಕ ಹೇಳಿದ ಜಾಗದಲ್ಲೇ ಜರಡಿಗಳೆಲ್ಲ ಇವೆ.

ರಿಪೋರ್ಟಿನಲ್ಲಿ ಎರಡು ವಾಕ್ಯ ಇತ್ತು. ಕಾರ್ಟೆಕ್ಸ್ ಸ್ವಲ್ಪ ಹೆಚ್ಚು ಬೆಳ್ಳಗೆ ಕಾಣುತ್ತದೆ ಎಂದು ಒಂದು. 'ಕಾರ್ಟಿಕೊಮೆಡುಲ್ಲರಿ ಡಿಫರೆನ್ಶಿಯೇಶನ್' ಉಳಿದಿದೆ ಎಂದು ಇನ್ನೊಂದು. ಎರಡನೆಯದು ಮಗಳಿಗೆ ಮಂತ್ರದಂತೆ ಕೇಳಿಸಿತ್ತು. ಅರ್ಥ ಸರಳ: ತೊಗಟೆ ಎಲ್ಲಿ ಮುಗಿಯುತ್ತದೆ, ತಿರುಳು ಎಲ್ಲಿ ಶುರುವಾಗುತ್ತದೆ ಎಂದು ಚಿತ್ರದಲ್ಲಿ ಇನ್ನೂ ಗುರುತಿಸಬಹುದು. ಅಲ್ಟ್ರಾಸೌಂಡಿನಲ್ಲಿ ಆರೋಗ್ಯವಂತ ಕಾರ್ಟೆಕ್ಸ್ ಪಕ್ಕದ ಯಕೃತ್ತಿನಷ್ಟೇ, ಅಥವಾ ಅದಕ್ಕಿಂತ ಕಪ್ಪಾಗಿ ಕಾಣುತ್ತದೆ. ಮೆಡುಲ್ಲಾ ಇನ್ನಷ್ಟು ಕಪ್ಪು. ಬಹುಕಾಲದ ಕಾಯಿಲೆಯಲ್ಲಿ ಕಾರ್ಟೆಕ್ಸ್ ತೆಳುವಾಗಿ, ಬೆಳ್ಳಗಾಗಿ, ಕೊನೆಕೊನೆಗೆ ಎರಡರ ಗಡಿಯೇ ಅಳಿಸಿಹೋಗುವುದುಂಟು. ಗಡಿ ಉಳಿದಿದೆ ಎಂಬುದು ಆದ್ದರಿಂದ ಒಳ್ಳೆಯ ಸುದ್ದಿ. ಗಡಿಯಲ್ಲಿ ಬದುಕುವ ನಮಗೆ ಗಡಿ ಉಳಿದರೆ ಖುಷಿಯಾಗುವುದು ಇದೊಂದೇ ಸಂದರ್ಭದಲ್ಲಿರಬೇಕು. ಮಿಕ್ಕಿದ್ದನ್ನು ಡಾಕ್ಟರರೇ ರಕ್ತದ ಪರೀಕ್ಷೆಯ ಜೊತೆ ಇಟ್ಟು ನೋಡಬೇಕು, ಸ್ಕ್ಯಾನಿನ ಒಂದು ಸಾಲಿನಿಂದ ತೀರ್ಮಾನ ಆಗುವುದಿಲ್ಲ ಎಂದೆ.

ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿ ಇಟ್ಟ ಹಾಗೆ ಇನ್ನೊಂದು ಸಣ್ಣ ಗ್ರಂಥಿ ಇದೆ, ಅಡ್ರಿನಲ್. ಒಂದೊಂದು ನಾಲ್ಕೈದು ಗ್ರಾಂ ತೂಗಬಹುದು. ತೊಗಟೆ ಎಂಬ ಪದ ನಮ್ಮ ಮದ್ದಿನ ಪೆಟ್ಟಿಗೆಗೆ ನುಗ್ಗಿದ್ದು ಇದರ ಮೂಲಕ. ಈ ಗ್ರಂಥಿಯಲ್ಲಿ ತಿರುಳು ಸ್ವಲ್ಪವೇ. ಹತ್ತರಲ್ಲಿ ಎಂಟೊಂಬತ್ತು ಪಾಲು ಕಾರ್ಟೆಕ್ಸ್. ತಿರುಳು ಅಡ್ರಿನಲಿನ್ ಸುರಿಸುತ್ತದೆ: ರಾತ್ರಿ ತೋಟದ ದಾರಿಯಲ್ಲಿ ಹಾವು ಕಂಡರೆ ಎದೆ ಡವಗುಟ್ಟುವುದು ಅದರಿಂದ. ಕಾರ್ಟೆಕ್ಸ್ ಮಾತ್ರ ಬೇರೆಯೇ ಅಂಗಡಿ. ಅದರಲ್ಲಿ ಮೂರು ಪದರ. ಹೊರಗಿನದು ಉಪ್ಪು ನೀರಿನ ಲೆಕ್ಕ ನೋಡುವ ಅಲ್ಡೊಸ್ಟೆರೋನ್, ನಡುವಿನದು ಸಕ್ಕರೆ ಮತ್ತು ಒತ್ತಡದ ಲೆಕ್ಕ ನೋಡುವ ಕಾರ್ಟಿಸಾಲ್, ಒಳಗಿನದು ಲಿಂಗ ಹಾರ್ಮೋನಿನ ಜಾತಿಯವು. ಹೊರಗಿನಿಂದ ಒಳಕ್ಕೆ 'ಉಪ್ಪು, ಸಕ್ಕರೆ, ಲಿಂಗ' ಎಂದು ವೈದ್ಯ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುತ್ತಾರೆ.

ಕಾರ್ಟಿಸಾಲ್ ಎಂಬ ಹೆಸರಿನಲ್ಲೇ ಕಾರ್ಟೆಕ್ಸ್ ಇದೆ ನೋಡಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಈ ತೊಗಟೆಯಿಂದ ಒಂದೊಂದೇ ರಾಸಾಯನಿಕ ಬೇರ್ಪಡಿಸಿ ಎ, ಬಿ, ಇ ಎಂದು ಅಕ್ಷರ ಕೊಡುತ್ತ ಹೋದರು. 1948ರ ಸೆಪ್ಟೆಂಬರಿನಲ್ಲಿ ಅವರ ಜೊತೆಗಾರ ಫಿಲಿಪ್ ಹೆಂಚ್ ಆ 'ಇ'ಯನ್ನು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಅದಕ್ಕೆ ಕಾರ್ಟಿಸೋನ್ ಎಂದು ಹೆಸರಾಯಿತು. 1950ರಲ್ಲಿ ಅವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ತಾಡಿಯಸ್ ರೈಕ್‌ಸ್ಟೈನ್‌ಗೂ ನೊಬೆಲ್ ಬಂತು. ಇಂದು ದಮ್ಮಿಗೆ ಸೇದುವ ಇನ್‌ಹೇಲರಿನಿಂದ ತುರಿಕೆಯ ಮುಲಾಮಿನ ತನಕ 'ಕಾರ್ಟಿಕೊಸ್ಟಿರಾಯ್ಡ್' ಎಂಬ ಹೆಸರು ಕಂಡಲ್ಲೆಲ್ಲ ಈ ತೊಗಟೆಯ ನೆನಪಿದೆ. ಡಾಕ್ಟರು ಸ್ಟಿರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ, ಮೆಲ್ಲ ಕಡಿಮೆ ಮಾಡಿ ಎನ್ನುವುದಕ್ಕೂ ಇದೇ ಕಾರಣ. ಹೊರಗಿನಿಂದ ಬಹಳ ದಿನ ಬಂದರೆ ಸ್ವಂತ ತೊಗಟೆಯ ಕಾರ್ಟಿಸಾಲ್ ಪದರ ಕೆಲಸವಿಲ್ಲದೆ ಸೊರಗುತ್ತದೆ. ಮತ್ತೆ ಚೇತರಿಸಲು ಅದಕ್ಕೆ ಸಮಯ ಬೇಕು.

ಈ ಗ್ರಂಥಿಯ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅದರ ತೊಗಟೆ ಮತ್ತು ತಿರುಳು ಹುಟ್ಟಿನಿಂದ ನೆಂಟರೇ ಅಲ್ಲ. ಭ್ರೂಣದಲ್ಲಿ ಕಾರ್ಟೆಕ್ಸ್ ಒಂದು ಅಂಗಾಂಶದಿಂದ ಬರುತ್ತದೆ. ತಿರುಳಾಗುವ ಕೋಶಗಳು ನರಮಂಡಲದ ಕಡೆಯಿಂದ ವಲಸೆ ಬಂದು ಅದರೊಳಗೆ ಸೇರಿಕೊಳ್ಳುತ್ತವೆ. ತಾಟೆ ಮೀನಿನಲ್ಲಿ, ಅಂದರೆ ಶಾರ್ಕಿನಲ್ಲಿ, ಇವೆರಡು ಬೇರೆ ಬೇರೆ ಕಡೆ ಇರುತ್ತವೆ. ಕೋಳಿಯಲ್ಲಿ ಒಂದಕ್ಕೊಂದು ಕಲಸಿಕೊಂಡಿರುತ್ತವೆ, ಹಾಗಾಗಿ ಅಲ್ಲಿ ಯಾವುದು ತೊಗಟೆ, ಯಾವುದು ತಿರುಳು ಎಂದು ಹೇಳುವ ಹಾಗೇ ಇಲ್ಲ. ಆಡನ್ನು, ಮನುಷ್ಯನನ್ನು ಕೊಯ್ದು ನೋಡಿದವರು ಇಟ್ಟ ಹೆಸರು ಕೋಳಿಗೆ ಹೊಂದಲಿಲ್ಲ.

ಇನ್ನು ಮಗಳ ಮಿದುಳು. ಅಲ್ಲಿ ತೊಗಟೆ 2ರಿಂದ 4 ಮಿಲಿಮೀಟರ್ ದಪ್ಪ ಅಷ್ಟೇ, ಬೂದು ಬಣ್ಣ. ಕೆಳಗೆ ಬೆಳ್ಳಗಿನ ತಂತುಗಳ ರಾಶಿ. ತೆಳುವಾದರೂ ಮಡಿಕೆ ಮಡಿಕೆಯಾಗಿ ಒಳಸೇರಿದೆ. ಬಿಡಿಸಿ ಹಾಸಿದರೆ ಸುಮಾರು 2000 ಚದರ ಸೆಂಟಿಮೀಟರ್ ಆದೀತು, ಒಂದು ಸಣ್ಣ ಬೈರಾಸಿನಷ್ಟು. ಮೂರರಲ್ಲಿ ಎರಡು ಪಾಲು ಮಡಿಕೆಯ ಒಳಗೇ ಅಡಗಿದೆ. ಇಡೀ ಮಿದುಳಿನ ಸುಮಾರು 8600 ಕೋಟಿ ನರಕೋಶಗಳಲ್ಲಿ 1600 ಕೋಟಿ ಇಲ್ಲಿವೆ. ಇಲ್ಲೂ ಸಿಪ್ಪೆಗಳು ಬೇರೆ: ತಲೆಬುರುಡೆ, ಅದರ ಕೆಳಗೆ ಮೂರು ಪೊರೆ, ಆಮೇಲೆ ಕಾರ್ಟೆಕ್ಸ್. ನಾವು ಮಾತಾಡುವುದು, ಲೆಕ್ಕ ಮಾಡುವುದು, ಮಗ್ಗಿ ಮರೆಯುವುದು ಎಲ್ಲ ಈ ತೊಗಟೆಯ ಕಾರುಬಾರು. ಹೆಸರಿಟ್ಟವರಿಗೆ ಅದು ಗೊತ್ತಿರಲಿಲ್ಲ. 17ನೇ ಶತಮಾನದಲ್ಲಿ ಸೂಕ್ಷ್ಮದರ್ಶಕ ಹಿಡಿದು ಕುಳಿತ ಇಟಲಿಯ ಮಾರ್ಸೆಲೊ ಮಾಲ್ಪೀಗಿ ಮಿದುಳಿನ ಕಾರ್ಟೆಕ್ಸ್ ಸಣ್ಣ ಸಣ್ಣ ಗ್ರಂಥಿಗಳ ಗುಂಪು ಎಂದೇ ತಿಳಿದ. ಅದು ತಪ್ಪಾಯಿತು. ಆದರೆ ಮೂತ್ರಪಿಂಡದ ತರಿಯಲ್ಲಿರುವ ಉಂಡೆಗಳನ್ನು ಸರಿಯಾಗಿ ಕಂಡವನೂ ಅವನೇ, ಮರದ ಸುತ್ತ ತೊಗಟೆ ತೆಗೆದು ಏನಾಗುತ್ತದೆ ಎಂದು ನೋಡಿದವನೂ ಅವನೇ. ಮರ, ಮೂತ್ರಪಿಂಡ, ಮಿದುಳು ಮೂರರ ತೊಗಟೆಯನ್ನೂ ಒಬ್ಬನೇ ಕೆದಕಿದ್ದಾನೆ. ಇನ್ನು 1861ರಲ್ಲಿ ಪಾಲ್ ಬ್ರೋಕಾ ಮಾತು ಹೋದ ರೋಗಿಯ ಕಾರ್ಟೆಕ್ಸಿನಲ್ಲಿ ಎಡ ಮುಂಭಾಗದ ಗಾಯ ತೋರಿಸಿದ ಮೇಲೆಯೇ ಈ ಪದರದ ಯಾವ ಜಾಗಕ್ಕೆ ಯಾವ ಕೆಲಸ ಎಂಬ ಹುಡುಕಾಟ ಜೋರಾದದ್ದು.

ಬೆನ್ನುಹುರಿಗೆ ಬಂದರೆ ಎಲ್ಲ ತಿರುಗಾಮುರುಗಾ. ಬೂದು ಭಾಗ ಒಳಗೆ, ಬಿಳಿ ಹೊರಗೆ. ಅಲ್ಲಿ ಹೊರಗಿನದನ್ನು ಕಾರ್ಟೆಕ್ಸ್ ಎನ್ನುವುದಿಲ್ಲ. ಮಿದುಳಿನ ಬುಡದ 'ಮೆಡುಲ್ಲಾ ಆಬ್ಲಾಂಗೇಟಾ'ವೂ ಯಾವ ತೊಗಟೆಯ ಒಳಗಿನ ತಿರುಳೂ ಅಲ್ಲ, ಉದ್ದನೆಯ ಮಜ್ಜೆ ಎಂದು ಹೆಸರಿಟ್ಟರು ಅಷ್ಟೇ. ಮಕ್ಕಳು ಇದನ್ನು ಕೇಳಿ ತಲೆ ಕೆರೆದುಕೊಳ್ಳುವುದು ನ್ಯಾಯವೇ.

ಮೂಳೆಯ ಕಾರ್ಟೆಕ್ಸ್ ಅರ್ಥವಾಗಲು ಅಡಿಕೆ ದಂಬೆ ಸಾಕು. ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರನ್ನು ತೋಟಕ್ಕೆ ಹಾಯಿಸಲು ಹಿಂದೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆರೆದು ದಂಬೆ ಮಾಡುತ್ತಿದ್ದೆವು. ಉಳಿಯುವ ಹೊರಭಾಗ ಕಬ್ಬಿಣದ ಹಾಗೆ. ತೊಡೆಯ ಮೂಳೆಯೂ ಇದೇ ಕಟ್ಟು: ಹೊರಗೆ ಗಟ್ಟಿ ಕಾರ್ಟಿಕಲ್ ಮೂಳೆ, ಒಳಗೆ ಮಜ್ಜೆ. ಅಸ್ಥಿಪಂಜರದ ತೂಕದಲ್ಲಿ ಸುಮಾರು ಶೇ. 80 ಈ ಕಾರ್ಟಿಕಲ್ ಮೂಳೆಯದೇ. ಬಾಗಿಸುವ ಬಲ ಹೆಚ್ಚು ತಾಗುವುದು ಹೊರಮೈಗೆ, ಆದ್ದರಿಂದ ಗಟ್ಟಿತನ ಅಲ್ಲಿ ಇದ್ದರೆ ಲಾಭ. ಗಾಳಿಗೆ ಅಡಿಕೆ ಮರ ಬಿಲ್ಲಿನಂತೆ ಬಾಗಿಯೂ ಮುರಿಯದಿರುವುದು ಹಾಗೆ. ಎಕ್ಸ್‌ರೇ ರಿಪೋರ್ಟಿನಲ್ಲಿ 'ಕಾರ್ಟಿಕಲ್ ಬ್ರೇಕ್' ಎಂದು ಕಂಡರೆ ಈ ಗಟ್ಟಿ ಗೋಡೆ ಬಿರುಕು ಬಿಟ್ಟಿದೆ ಎಂದು ಅರ್ಥ, ಮಿದುಳಿನ ಸುದ್ದಿಗೆ ಹೋಗಬೇಡಿ.

ಕಣ್ಣಿನ ಮಸೂರಕ್ಕೂ ಕಾರ್ಟೆಕ್ಸ್ ಇದೆ, ಅಲ್ಲಿ ಬರುವ ಪೊರೆಗೆ ಕಾರ್ಟಿಕಲ್ ಕ್ಯಾಟರಾಕ್ಟ್ ಎನ್ನುತ್ತಾರೆ. ತಲೆಗೂದಲಿಗೂ ಇದೆ. ಕೂದಲಲ್ಲಿ ಅದು ಎಲ್ಲಕ್ಕಿಂತ ಹೊರಗಿನದೂ ಅಲ್ಲ. ಮೇಲೆ ಮೀನಿನ ಹುರುಪೆಯಂಥ ಕ್ಯೂಟಿಕಲ್ ಇದೆ, ಅದರ ಕೆಳಗೆ ಕಾರ್ಟೆಕ್ಸ್. ಕಪ್ಪು ಬಣ್ಣ ಇರುವುದು ಅಲ್ಲಿ. ಯಕೃತ್ತಿಗೆ ಮಾತ್ರ ಕಾರ್ಟೆಕ್ಸ್ ಇಲ್ಲ, ಎಲ್ಲಿ ಕೊಯ್ದರೂ ಒಂದೇ ತರಹ ಕಾಣುತ್ತದೆ.

ಒಂದು ಒಪ್ಪಿಗೆ ಮಾಡಿಕೊಳ್ಳಬೇಕು. ಸಸ್ಯಶಾಸ್ತ್ರದವರು ಇದನ್ನು ಓದಿದರೆ ನನ್ನ ಕಿವಿ ಹಿಂಡುತ್ತಾರೆ. ಅವರ ಲೆಕ್ಕದಲ್ಲಿ ಎಳೆ ಕಾಂಡದ ಹೊರಚರ್ಮಕ್ಕೂ ನಳಿಗೆಗಳಿಗೂ ನಡುವಿನ ಅಂಗಾಂಶ ಮಾತ್ರ ಕಾರ್ಟೆಕ್ಸ್. ಕ್ಯಾಂಬಿಯಂನ ಹೊರಗಿರುವುದೆಲ್ಲ ತೊಗಟೆ. ರಬ್ಬರಿನ ಹಾಲು ಬರುವುದು ತೊಗಟೆಯಲ್ಲಿ ಆಹಾರ ಸಾಗಿಸುವ ಫ್ಲೋಯೆಮ್ ಎಂಬ ಭಾಗದಿಂದ. ಅಡಿಕೆ, ತೆಂಗಿಗಂತೂ ಕ್ಯಾಂಬಿಯಮ್ಮೇ ಇಲ್ಲ, ಆದ್ದರಿಂದ ನಿಜವಾದ ತೊಗಟೆಯೂ ಇಲ್ಲ. ಲ್ಯಾಟಿನ್ ಪದವನ್ನು ಮರದಿಂದ ಮೈಗೆ ತಂದ ಮೇಲೆ, ಮರದವರೇ ಅದರ ಅರ್ಥ ಬದಲಾಯಿಸಿಬಿಟ್ಟರು.

ಇದನ್ನೆಲ್ಲ ಅಕ್ಕನಿಗೆ ಹೇಳಲು ಹೋಗಲಿಲ್ಲ. ಮೂತ್ರಪಿಂಡದ ಚಿತ್ರವನ್ನು ಮಗಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು, ತರಿ ಇರುವಲ್ಲಿ ಚುಕ್ಕಿ ಇಟ್ಟು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಮಾಷ್ಟ್ರೇ, ರಬ್ಬರಿನಲ್ಲಿ ಒಂದು ಬದಿ ಕೆತ್ತಿ ಮುಗಿದರೆ ಇನ್ನೊಂದು ಬದಿ ಹಿಡಿಯುತ್ತೇವೆ. ಅಷ್ಟರೊಳಗೆ ಮೊದಲಿನ ಬದಿಯ ಪಟ್ಟೆ ಪುನಃ ಬೆಳೆಯುತ್ತದೆ. ಇದರದ್ದು?"

ನನ್ನ ಹೋಲಿಕೆ ಅಲ್ಲಿಗೆ ಮುರಿಯಿತು. ಇಲ್ಲ ಅಕ್ಕ, ಎಂದೆ. ನಾವು ಹುಟ್ಟುವ ಹೊತ್ತಿಗೆ ಎಷ್ಟು ನೆಫ್ರಾನು ತಯಾರಾಗಿರುತ್ತದೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಕೆಲವು ಹೋದರೆ ಉಳಿದವು ದೊಡ್ಡದಾಗಿ ಅವುಗಳ ಕೆಲಸವನ್ನೂ ಹೊರುತ್ತವೆ.

ಅಕ್ಕ ರಿಪೋರ್ಟನ್ನು ಮಡಚಿ ಫೈಲಿಗೆ ಹಾಕಿ, ಅಲ್ಲೇ ಜಗಲಿಯಲ್ಲಿ ನಿಂತು ತೋಟದ ಧಣಿಗೆ ಫೋನು ಮಾಡಿದರು. ಶುಕ್ರವಾರ ಟ್ಯಾಪಿಂಗಿಗೆ ಬರುವುದಿಲ್ಲ, ಮಂಗಳೂರಿಗೆ ಹೋಗುವುದುಂಟು.